ಮಾಮನ ಟೆಸ್ಟ್ ಲ್ಯಾಂಪು

ಕಾರು ಲಾಕ್ ಮಾಡಿದಾಗ ಇಂಡಿಕೇಟರ್ ಮಿಣುಕ್ ಅನ್ನುತ್ತಲ್ಲ, ಅದು ನನ್ನ ಕೆಲಸ. ವೈಪರ್, ಹೆಡ್‌ಲೈಟ್, ಡೋರ್ ಲಾಕ್, ಇವನ್ನೆಲ್ಲ ನೋಡಿಕೊಳ್ಳೋ ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದ್ರೆ ಬಿಸಿಎಂ ಅನ್ನೋ ಡಬ್ಬಿಗೆ ನಾನು ಕೋಡ್ ಬರೀತೀನಿ.

ಈ ಕೆಲಸದ ಮೊದಲ ಪಾಠ ಕಲಿತದ್ದು ಬಿಇ ಕ್ಲಾಸಲ್ಲಲ್ಲ. ತಿಪಟೂರು ರಸ್ತೆಯ ತಗಡಿನ ಶೆಡ್ಡಲ್ಲಿ. ಅಲ್ಲಿನ ಆಟೋ ಎಲೆಕ್ಟ್ರಿಷಿಯನ್ನನ್ನ ಊರಿಗೆ ಊರೇ ಮಾಮ ಅಂತ ಕರೆಯುತ್ತೆ. ಒಂದು ಬಲ್ಬು, ಎರಡು ವೈರು, ಅದೇ ಮಾಮನ ಟೆಸ್ಟ್ ಲ್ಯಾಂಪು. ಅದನ್ನ ಹಿಡ್ಕೊಂಡು ಯಾವ ಗಾಡಿಯ ರೋಗ ಬೇಕಾದ್ರೂ ಹೇಳ್ತಿದ್ದರು. ಬೇಸಿಗೆ ರಜೆಯಲ್ಲಿ ನನ್ನ ಕೈಗೂ ಅದನ್ನ ಕೊಟ್ಟಿದ್ದರು.

ಹೋದ ಭಾನುವಾರ ಮಾಮನ ಫೋನ್ ಬಂತು. ಒಂದು ಕಾರಿನ ಬಿಸಿಎಂಗೆ ಮಳೆ ನೀರು ಹೋಗಿದೆ. ಗುಜರಿಯಿಂದ ಅದೇ ಮಾಡೆಲ್‌ನದು ತಂದು ಹಾಕಿದ್ದಾರೆ.

“ಪ್ಲಗ್ಗು ಸರಿಯಾಗೇ ಕೂತೈತೆ ಕಣಪ್ಪ. ಹನ್ನೆರಡು ವೋಲ್ಟೂ ಬತ್ತೈತೆ. ಆದ್ರೆ ಕೀನೇ ಗುರ್ತು ಹಿಡೀತಿಲ್ಲ.”

ಹಿಡಿಯಲ್ಲ. ಆ ಡಬ್ಬಿಯ ನೆನಪಲ್ಲಿ ಹಳೇ ಕಾರಿನ 17 ಅಕ್ಷರದ ಚಾಸಿ ನಂಬರಿದೆ, ಹಳೇ ಕೀಗಳ ಗುರುತಿದೆ. ಅದನ್ನ ಬದಲಾಯಿಸಬೇಕಂದ್ರೆ ಡಬ್ಬಿ ಮೊದಲು ಒಂದು ಸಂಖ್ಯೆ ಕೊಡುತ್ತೆ. ಗುಟ್ಟಿನ ಲೆಕ್ಕ ಹಾಕಿ ಉತ್ತರ ವಾಪಸ್ ಕೊಡಬೇಕು. ಉತ್ತರ ತಪ್ಪಾದ್ರೆ ಬಾಗಿಲು ತೆಗೆಯಲ್ಲ.

“ಆ ಲೆಕ್ಕ ಯಾರತ್ರ ಇರ್ತೈತೆ?”

“ಕಂಪನಿಯವರ ಹತ್ರ, ಮಾಮ.”

“ನೀನು ಅದೇ ಕೆಲ್ಸ ಅಲ್ವಾ ಮಾಡೋದು?”

ನನಗೆ ಮಾತು ಹೊರಡಲಿಲ್ಲ. ಆ ಬೀಗ ಇಲ್ಲದಿದ್ರೆ ಕಾರು ಕದಿಯೋನಿಗೆ ಹಬ್ಬ, ನಿಜ. ಆದರೆ ನಾನು ಬರೆದ ಕೋಡಿಗೆ ಕಳ್ಳ ಯಾರು, ಮಾಮ ಯಾರು ಅಂತ ಗೊತ್ತಾಗಲ್ಲ. ಲೆಕ್ಕ ಹೇಳಿಕೊಟ್ರೆ ನನ್ನ ಕೆಲಸ ಹೋಗುತ್ತೆ. ಅದನ್ನೂ ಹೇಳಿದೆ.

“ಬಿಡಪ್ಪ, ನಿನ್ನ ಅನ್ನಕ್ಕೆ ಕಲ್ಲು ಹಾಕಲ್ಲ” ಅಂದರು. ಕಾರನ್ನ ಟೋ ಮಾಡಿಸಿ ಸಿಟಿಯ ಸರ್ವಿಸ್ ಸೆಂಟರಿಗೆ ಕಳಿಸಿದರಂತೆ. ಎರಡು ದಿನದ ಕೂಲಿ ಕೇಳಲಿಲ್ಲವಂತೆ.

ಸೋಮವಾರ ಆಫೀಸಲ್ಲಿ ಅದೇ ಬೀಗದ ಟೆಸ್ಟಿತ್ತು. ಬೇಕಂತಲೇ ತಪ್ಪು ಉತ್ತರ ಕಳಿಸಿದೆ. ಬಿಸಿಎಂ 35 ಅಂತು. ನಮ್ಮ ಭಾಷೆಯಲ್ಲಿ ‘ಕೀ ತಪ್ಪು’ ಅಂತ ಅರ್ಥ. ಪರದೆ ಮೇಲೆ ಹಸಿರು ಬಣ್ಣದಲ್ಲಿ ಟೆಸ್ಟ್ ಪಾಸ್. ಪಕ್ಕದವನು “ಸೂಪರ್ ಮಗಾ” ಅಂದ. ನನಗೆ ನಗು ಬರಲಿಲ್ಲ.

ದೋಷದ ಕೋಡುಗಳನ್ನ ಓದೋಕೆ ಸಾಮಾನ್ಯವಾಗಿ ಈ ಬೀಗ ಇರಲ್ಲ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದ್ರೆ ಸಾಕು. ಡಬ್ಬಿ ಬದಲಾಯಿಸೋ ಮೊದಲೇ ರೋಗ ಎಲ್ಲಿದೆ ಅನ್ನೋದರ ಸುಳಿವು ಸಿಗುತ್ತೆ. ಒಂದು ಸ್ಕ್ಯಾನರ್ ಆರ್ಡರ್ ಮಾಡಿದ್ದೀನಿ. ಹಬ್ಬಕ್ಕೆ ಊರಿಗೆ ಹೋದಾಗ ಶೆಡ್ಡಲ್ಲಿ ಕೂತು ಮಾಮನಿಗೆ ತೋರಿಸಿಕೊಡಬೇಕು.

ಬೀಗದ ಕೈ ಅಂತೂ ಕೊಡೋಕಾಗಲ್ಲ. ಟೆಸ್ಟ್ ಲ್ಯಾಂಪಿನ ಸಾಲವನ್ನಾದ್ರೂ ಸ್ವಲ್ಪ ತೀರಿಸೋಣ ಅಂತ.