ಉಳಿದಷ್ಟಾದರೂ ಉಳಿಯಲಿ

ಕುಕ್ಕರ್ ಕೂಗಿದ್ದು ಕೇಳಿಸದೆ ನೀವು ಎಂದಾದರೂ ಬೇಳೆ ಸೀಯಿಸಿದ್ದೀರಾ? ನಾನು ಸೀಯಿಸಿದ್ದಕ್ಕೆ ಲೆಕ್ಕವೇ ಇಲ್ಲ. ಎಡಗಿವಿ ಚಿಕ್ಕಂದಿನಲ್ಲೇ ಪೂರ್ತಿ ಹೋಗಿತ್ತು. ಐವತ್ತು ದಾಟಿದ ಮೇಲೆ ಬಲಗಿವಿಯೂ ಕೈಕೊಟ್ಟಿತು. ಮೊದಲು ಗುಬ್ಬಿಗಳ ಚಿಲಿಪಿಲಿ, ಆಮೇಲೆ ಕುಕ್ಕರಿನ ಸೀಟಿ, ಕಡೆಗೆ ಮೊಮ್ಮಗಳ ಮಾತು. ಕಿವಿಗೆ ಮೆಷಿನ್ ಹಾಕಿಕೊಂಡರೂ ಮಾತು ಬಿಡಿಸಿ ತಿಳಿಯುತ್ತಿರಲಿಲ್ಲ. ಗುಡುಗು, ಗ್ರೈಂಡರಿನ ಸದ್ದು, ರಾತ್ರಿ ನಮ್ಮ ಯಜಮಾನರ ಗೊರಕೆ, ಇಂಥ ದಪ್ಪ ಸದ್ದುಗಳು ಮಾತ್ರ ಉಳಿದಿದ್ದವು.

ಡಾಕ್ಟರು ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಸೂಚಿಸಿದರು. ಅದೂ ಬಲಗಿವಿಗೇ. ಬಹಳ ವರ್ಷ ಸದ್ದೇ ಕಾಣದ ಎಡಗಿವಿಯಲ್ಲಿ ಫಲ ಕಡಮೆಯಂತೆ. ನನಗೆ ಹೊಳೆದದ್ದು ಒಂದೇ: "ಇರುವ ಗೊರಕೆಯೂ ಹೋದರೆ?" ನಗಬೇಡಿ. ಮೂವತ್ತು ವರ್ಷ ಬೈದ ಸದ್ದೇ ಕತ್ತಲಲ್ಲಿ ನನಗೆ ಧೈರ್ಯ.

ಹೆದರಿಕೆ ಸುಳ್ಳಲ್ಲ ಎಂದು ಡಾಕ್ಟರೇ ಒಪ್ಪಿದರು. ಒಳಗಿವಿ ಎರಡೂವರೆ ಸುತ್ತಿನ ಚಕ್ಕುಲಿಯಂತೆ. ತೆಳು ಸದ್ದುಗಳ ಜಾಗ ಹೊರ ತುದಿಯಲ್ಲಿ, ದಪ್ಪ ಸದ್ದುಗಳದು ನಡುವಿನ ತುದಿಯಲ್ಲಿ. ಹೊರ ತುದಿಯಿಂದ ಸಣ್ಣ ತಂತಿ ತೂರಿಸುತ್ತಾರೆ. ಎಷ್ಟು ನಾಜೂಕಾಗಿ ತೂರಿಸಿದರೂ ಒಳಗೆ ಉರಿಯೂತವಾಗಿ, ಗಾಯದ ಕಲೆಯಂತೆ ಗಟ್ಟಿಕಟ್ಟಿ, ಉಳಿದ ಶ್ರವಣವೂ ಕುಗ್ಗಬಹುದು. ಆ ಉರಿಯೂತ ತಗ್ಗಿಸಲಿಕ್ಕೇ ಸ್ಟೀರಾಯ್ಡ್. ಡೆಕ್ಸಾಮೆಥಸೋನಿನಂಥ ಔಷಧಿಯನ್ನು ರಕ್ತನಾಳಕ್ಕೆ ಕೊಡುವುದುಂಟು, ಕಿವಿಯೊಳಕ್ಕೇ ಬಿಡುವುದುಂಟು, ಕೆಲವು ದಿನ ಮಾತ್ರೆ ಕೊಡುವುದೂ ಉಂಟು.

"ಸ್ಟೀರಾಯ್ಡಾ? ಮುಖ ಊದಿಕೊಳ್ಳುತ್ತೆ ಕಣ್ರೀ!" ಅಂದರು ಪಕ್ಕದ ಮನೆಯವರು. ನನಗೆ ಸಕ್ಕರೆ ಕಾಯಿಲೆ ಬೇರೆ. ಡಾಕ್ಟರನ್ನೇ ಕೇಳಿದೆ. "ಮುಖ ಊದೋದು ಬಹಳ ಕಾಲ ತಿಂದವರಿಗಮ್ಮ. ಆದರೆ ನಿಮ್ಮ ಸಕ್ಕರೆ ಏರುತ್ತೆ, ನೋಡಿಕೊಳ್ಳೋಣ" ಎಂದರು. "ಶ್ರವಣ ಖಂಡಿತ ಉಳಿಯುತ್ತಾ?" ಎಂದೆ. "ಉಳಿಯೋ ಆಸೆ ಹೆಚ್ಚುತ್ತೆ. ಮಾತು ಕೊಡಲಾರೆ" ಎಂದರು. ಆ ನೇರ ಮಾತಿಗೇ ನಾನು ಒಪ್ಪಿದೆ.

ಸಕ್ಕರೆ ಏರಿತು ನಿಜ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಸಿಕೊಂಡೆ, ಇನ್ಸುಲಿನ್ನೂ ಹಾಕಿಸಿಕೊಂಡೆ. ಕೆಲವು ವಾರಗಳ ಮೇಲೆ ಯಂತ್ರ ಚಾಲೂ ಮಾಡಿದರು. ಮೊದಮೊದಲು ಎಲ್ಲರೂ ತಗಡಿನ ಡಬ್ಬಿಯೊಳಗಿಂದ ಮಾತಾಡಿದಂತಿತ್ತು. ಅಭ್ಯಾಸ ಮಾಡುತ್ತಾ ಮಾಡುತ್ತಾ ಮೊಮ್ಮಗಳ ಮಾತು ತಿಳಿಯತೊಡಗಿತು.

ಮಲಗುವಾಗ ಹೊರಗಿನ ಯಂತ್ರ ತೆಗೆದಿಡುತ್ತೇನೆ. ಆಗ ಇರುವುದು ನನ್ನ ಸ್ವಂತ ಕಿವಿಯಷ್ಟೇ. ಪರೀಕ್ಷೆಯಲ್ಲಿ ಅದು ಮೊದಲಿಗಿಂತ ಕೊಂಚ ಕುಗ್ಗಿದೆ. ಆದರೂ ಗೊರಕೆ ಕೇಳುತ್ತದೆ.

ನಿಮಗೋ ನಿಮ್ಮ ಮನೆಯವರಿಗೋ ಈ ಆಪರೇಷನ್ ಹೇಳಿದ್ದರೆ ಮೊದಲೇ ಕೇಳಿ: "ಉಳಿದ ಶ್ರವಣ ಎಷ್ಟಿದೆ? ಅದನ್ನು ಉಳಿಸಲು ಏನು ಮಾಡುತ್ತೀರಿ?" ಸಕ್ಕರೆ, ರಕ್ತದೊತ್ತಡ, ಹೊಟ್ಟೆ ಹುಣ್ಣು ಇದ್ದರೆ ಮುಚ್ಚಿಡಬೇಡಿ. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ಹೆಚ್ಚಿಸಲೂ ಬೇಡಿ, ನಿಲ್ಲಿಸಲೂ ಬೇಡಿ.

ಮತ್ತೆ, ಗೊರಕೆಯ ವಿಷಯ ನಮ್ಮ ಯಜಮಾನರ ಕಿವಿಗೆ ಮಾತ್ರ ಹಾಕಬೇಡಿ!