ಅಂಗಳದ ಹಾವಸೆ

ಕುದುರೆಮುಖದ ತಪ್ಪಲಿನ ನಮ್ಮ ನಾರಾವಿಯಲ್ಲಿ ಆಟಿ ತಿಂಗಳು ಬಂತೆಂದರೆ ಹಿರಿಯರಿಗೆ ಮಳೆಗಿಂತ ಅಂಗಳದ ಹಾವಸೆಯದೇ ಭಯ. ನನ್ನ ಅಜ್ಜಿ ಬಾವಿಕಟ್ಟೆಯ ಬಳಿ ಜಾರಿ ಬಿದ್ದವರು ಮತ್ತೆ ಕೋಲಿಲ್ಲದೆ ನಡೆಯಲಿಲ್ಲ. ಅಂದಿನಿಂದ ಬಾವಿಯ ದಾರಿಗೆ ಅಡಿಕೆ ಸೋಗೆ ಹಾಸುವುದು ಮಕ್ಕಳಾದ ನಮ್ಮ ಪಾಲಿನ ಕೆಲಸವಾಯಿತು.

ಹಾವಸೆಗೆ ನಿಜವಾದ ಬೇರಿಲ್ಲ; ಎಲೆಗಳಿಂದಲೇ ನೀರು ಹೀರುತ್ತದೆ. ಬೇಸಗೆಯಲ್ಲಿ ಸತ್ತಂತೆ ಕಂಡರೂ ಮೊದಲ ಮಳೆಗೆ ಹಸಿರಾಗುತ್ತದೆ. ಆದುದರಿಂದ ಬರಿದೇ ಕೆರೆದರೆ ಸಾಲದು.

ಇದೇ ಚಿಂತೆ ಗಾಲ್ಫ್ ಮೈದಾನದವರಿಗೂ ಉಂಟು. ಬೆಂಗಳೂರಿನಲ್ಲಿ 1876ರಲ್ಲೇ ಕ್ಲಬ್ ಕಟ್ಟಿಕೊಂಡ ಈ ಆಟದಲ್ಲಿ, ಚೆಂಡನ್ನು ಕುಳಿಗೆ ತಳ್ಳುವ ಹುಲ್ಲುಹಾಸನ್ನು ಸುಮಾರು 3 ಮಿಲಿಮೀಟರಿಗೆ ಕತ್ತರಿಸುತ್ತಾರೆ. ಹುಲ್ಲು ಸೊರಗಿದೆಡೆ ಹಾವಸೆ ಸೇರಿಕೊಳ್ಳುತ್ತದೆ. ಕಬ್ಬಿಣದ ಸಲ್ಫೇಟ್ ಸಿಂಪಡಿಸಿದರೆ ಕಪ್ಪಾಗುತ್ತದೆ. ಆದರೆ ನೆರಳು, ತೇವ, ಗಟ್ಟಿಮಣ್ಣು ಹಾಗೆಯೇ ಉಳಿದರೆ ಮರಳಿ ಬರುತ್ತದೆ.

ಪ್ರಿಯ ಶಿಷ್ಯರೇ, ಊರಿನಲ್ಲಿ ವಯಸ್ಸಾದ ತಂದೆತಾಯಿ ಇರುವವರು ಮಳೆಗೆ ಮೊದಲೇ ಒಮ್ಮೆ ಬನ್ನಿ. ಅಂಗಳಕ್ಕೆ ಬಾಗಿದ ಕೊಂಬೆ ಸವರಿ ಬಿಸಿಲು ಬೀಳಿಸಿ, ನೀರು ನಿಲ್ಲದಂತೆ ಕಣಿ ತೋಡಿ, ಮೆಟ್ಟಿಲುಗಳನ್ನು ಗಟ್ಟಿ ಪೊರಕೆಯಿಂದ ಉಜ್ಜಿ. ಬ್ಲೀಚಿಂಗ್ ಪುಡಿ ಹಾಕುವುದಾದರೆ ಬಾವಿಗೆ ಸೇರದಂತೆ ನೋಡಿಕೊಳ್ಳಿ. ನೀವು ಕಳುಹಿಸುವ ಹಣ ಮಾಡಲಾರದ ಉಪಕಾರವನ್ನು ಆ ಅರ್ಧ ದಿನದ ದುಡಿಮೆ ಮಾಡೀತು.