ಕೆಂಪು ಕಲ್ಲು, ಕರಿ ಬಂಡೆ, ನಡುವೆ ನೀರು

ಹುಮನಾಬಾದ್,
ಏಪ್ರಿಲ್ ತಿಂಗಳು

ಪ್ರೀತಿಯ ಅಪ್ಪಯ್ಯನಿಗೆ,

ಆಯಿಯ ಮೊಣಕಾಲು ನೋವು ಹೇಗಿದೆ ಎಂದು ತಿಳಿಸಿ.

ಬೀದರ್ ಸೀಮೆ ಅಂದರೆ ಮರುಭೂಮಿ ಎಂದೇ ನಮ್ಮ ಹೊನ್ನಾವರದ ಕಡೆ ಮಾತು. ಬಿಸಿಲು ನೋಡಿದರೆ ಆ ಮಾತು ಸುಳ್ಳಲ್ಲ. ಬೆಳಗಿನ ಹತ್ತು ಗಂಟೆಗೇ ಬೀದಿ ಖಾಲಿಯಾಗುತ್ತದೆ. ತೊಗರಿ, ಜೋಳ ಕೊಯ್ದ ಹೊಲಗಳಲ್ಲಿ ಕೂಳೆ ಬಿಟ್ಟರೆ ಏನೂ ಇಲ್ಲ. ನೆರಳಿಗೆ ಅಲ್ಲೊಂದು ಬೇವು, ಇಲ್ಲೊಂದು ಜಾಲಿ. ಆದರೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ ಬೀಳುವ ನೆಲವನ್ನು ಮರುಭೂಮಿ ಅನ್ನಲಾಗದು. ನಮ್ಮೂರಿನ ಮಳೆಯಲ್ಲಿ ಕಾಲು ಭಾಗ ಅಷ್ಟೆ, ಅದೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಬಿದ್ದದ್ದನ್ನು ಬೇಸಿಗೆಯವರೆಗೆ ಯಾರು ಹಿಡಿದಿಡಬೇಕು ಎಂಬುದೇ ಇಲ್ಲಿನ ಬದುಕಿನ ಪ್ರಶ್ನೆ. ಅದಕ್ಕೆ ಉತ್ತರವಾಗಿ ಇಲ್ಲಿರುವುದು, ಅಪ್ಪಯ್ಯ, ನಮ್ಮ ಚಿರೆಕಲ್ಲು!

ಹೌದು. ಹುಮನಾಬಾದಿನಿಂದ ಬೀದರಿನವರೆಗಿನ ಎತ್ತರದ ಬಯಲಿನಲ್ಲಿ, ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ, ನೆಲ ಅಗೆದರೆ ಸಿಗುವುದು ನೀವು ಜೀವಮಾನವಿಡೀ ಕೊಡಲಿಯಿಂದ ಚೌಕ ಮಾಡಿಸಿದ ಅದೇ ತೂತು ತೂತಿನ ಕೆಂಪು ಕಲ್ಲು. ಕೆಲವೆಡೆ ಅದರ ದಪ್ಪ ನೂರು ಅಡಿಗೂ ಹೆಚ್ಚು. ಅದರ ಕೆಳಗೆ ಕರಿ ಬಂಡೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಹರಿದ ಲಾವಾ ಪದರ ಪದರವಾಗಿ ಆರಿ ಆದ ಕಲ್ಲು ಅದು. ಆಮೇಲಿನ ಕಾಲದಲ್ಲಿ ಜೋರು ಮಳೆ ಮತ್ತು ಸೆಕೆ ಆ ಬಂಡೆಯ ಮೇಲ್ಮೈಯನ್ನು ಕರಗಿಸುತ್ತ ಬಂದವು. ಸಿಲಿಕಾ ನೀರಿನೊಡನೆ ಹೋಯಿತು, ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಳಿದು ಕೆಂಪು ಟೊಪ್ಪಿಯಾಯಿತು. ಇಂದು ಟ್ಯಾಂಕರಿಗೆ ಕಾಯುವ ಈ ಊರುಗಳ ನೆಲ ಒಂದು ಕಾಲಕ್ಕೆ ನಮ್ಮ ಮಲೆನಾಡಿನಂತೆ ತೊಯ್ದಿತ್ತು ಎಂಬುದಕ್ಕೆ ಈ ಕಲ್ಲೇ ಸಾಕ್ಷಿ. ಲ್ಯಾಟರೈಟ್ ಎಂದು ಇದಕ್ಕೆ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ಅದನ್ನು ಗುರುತಿಸಿದ್ದು ಕೇರಳದ ಅಂಗಾಡಿಪುರಂನಲ್ಲಿ. 1801ರ ಆಸುಪಾಸಿನ ಅದೇ ಪ್ರವಾಸದಲ್ಲಿ ಆತ ನಮ್ಮ ಹೊನ್ನಾವರದ ಮೇಲೂ ಹಾದುಹೋದವನು.

ಇಲ್ಲಿನ ಜೀಪಿನ ಚಾಲಕರೊಬ್ಬರು ಇಡೀ ಭೂಗೋಳವನ್ನು ಒಂದೇ ಮಾತಿನಲ್ಲಿ ಹೇಳಿದರು: "ಮ್ಯಾಲ ಕೆಂಪ್ ಕಲ್ಲ, ಕೆಳಗ ಕರಿ ಬಂಡಿ. ನೀರ್ ಇರೋದು ಎರಡರ ನಡುವ ನೋಡ್ರಿ." ಕೆಂಪು ಕಲ್ಲು ಮಳೆಯನ್ನು ಕುಡಿಯುತ್ತದೆ, ಕರಿ ಬಂಡೆ ಅದನ್ನು ಕೆಳಗಿಳಿಯಗೊಡುವುದಿಲ್ಲ. ಎರಡೂ ಕೂಡುವ ಗೆರೆಯಲ್ಲಿ ನೀರು ಅಡ್ಡಡ್ಡ ಸರಿದು ಬಯಲಿನ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಬೀದರಿಗೆ ರಾಜಧಾನಿ ತಂದಾಗ ಕರೇಜ್ ತೋಡಿಸಿದ್ದು ಈ ಗುಟ್ಟನ್ನು ಬಲ್ಲವರ ಕೈಯಿಂದ. ಪರ್ಷಿಯಾದ ಒಣ ನಾಡಿನಿಂದ ಬಂದ ವಿದ್ಯೆ ಅದು. ನೆಲದಡಿಯಲ್ಲಿ ಸಣ್ಣ ಇಳಿಜಾರಿನ ಸುರಂಗ, ಗಾಳಿಗೂ ಹೂಳು ತೆಗೆಯಲಿಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿ. ಪಂಪಿಲ್ಲ, ಏತವಿಲ್ಲ, ನೀರು ತಾನಾಗಿ ಹರಿದು ಊರಿಗೆ ಬರುತ್ತದೆ. ನೌಬಾದಿನ ಬಳಿ ಅಂಥ ಬಾವಿಯೊಂದರ ಬಾಯಿಗೆ ಬಗ್ಗಿ ನೋಡಿದೆ. ಸುರಂಗದ ಗೋಡೆ ನಮ್ಮ ಕಲ್ಲುಪಣೆಯ ಗೋಡೆಯ ಹಾಗೇ ಇದೆ. ವಿಶ್ವ ಸ್ಮಾರಕ ನಿಧಿ ಬೀದರಿನ ಹಳೇ ನಗರವನ್ನು ತನ್ನ 2014ರ ಕಾಳಜಿಯ ಪಟ್ಟಿಗೆ ಸೇರಿಸಿದ ಮೇಲೆ ಕರೇಜಿನ ಹೂಳು ತೆಗೆಯುವ ಕೆಲಸಕ್ಕೆ ಬಲ ಬಂತು. ಗಣಿ ತೋಡುವ ಕೌಶಲವನ್ನೆಲ್ಲ ನೀರಿಗಾಗಿ ಮುಡಿಪಿಟ್ಟವರು ಈ ಕರೇಜ್ ತೋಡಿದವರು. ಅವರ ಮೇಲೆ ನನಗೆ ಬಹಳ ಗೌರವ ಹುಟ್ಟಿದೆ.

ಗಣಿ ಅಂದೆನಲ್ಲ. ಇದೇ ಕಲ್ಯಾಣ ಕರ್ನಾಟಕದಲ್ಲಿ ಸಂಡೂರಿನ ಕಬ್ಬಿಣವಿದೆ, ಹಟ್ಟಿಯ ಚಿನ್ನವಿದೆ, ಸೇಡಂ ಕಡೆ ಸಿಮೆಂಟಿನ ಸುಣ್ಣದಕಲ್ಲಿದೆ. ಬೀದರ್ ಭಾಗಕ್ಕೆ ಅಂಥ ದೊಡ್ಡ ಗಣಿ ಬರಲಿಲ್ಲ. ಬಸವಕಲ್ಯಾಣದ ದಕ್ಷಿಣಕ್ಕೆ ಸುಮಾರು ಮೂರು ಕಿಲೋಮೀಟರಿನಲ್ಲಿ ಬಾಕ್ಸೈಟ್ ಇರುವುದು ಗೊತ್ತಾಗಿದೆ. ಕೆಂಪು ಕಲ್ಲಿನಿಂದ ಮಳೆ ಇನ್ನಷ್ಟು ಸಿಲಿಕಾ ತೊಳೆದರೆ ಉಳಿಯುವುದು ಅದೇ. ಕಮಠಾಣದಲ್ಲಿ ಪಿಂಗಾಣಿಗೆ ಬೇಕಾದ ಬಿಳಿ ಜೇಡಿ, ಔರಾದ್ ಕಡೆ ಹುರಮಂಜು. ಎಲ್ಲ ಒಂದೇ ತಾಯಿಯ ಮಕ್ಕಳು.

ಹಾಗಾದರೆ ಜನ ಬದುಕುವುದು ಹೇಗೆ? ಕೆಂಪು ಟೊಪ್ಪಿ ಸವೆದುಹೋದ ತಗ್ಗಿನಲ್ಲಿ ಎರೆಮಣ್ಣು. ಅಲ್ಲಿ ತೊಗರಿ, ಹೆಸರು, ಉದ್ದು, ಸೋಯಾಬೀನ್, ನೀರಿದ್ದಲ್ಲಿ ಕಬ್ಬು. ಮಿಕ್ಕದ್ದು ರಸ್ತೆಯ ದುಡಿಮೆ. ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಹುಮನಾಬಾದಿನಲ್ಲೇ ಕೂಡುವುದರಿಂದ ರಾತ್ರಿಯಿಡೀ ಲಾರಿಗಳ ಸದ್ದು. ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾಗಿದ್ದು 2017ರಲ್ಲಿ. ಮಳೆ ಕೈಕೊಟ್ಟ ವರ್ಷ ಹೈದರಾಬಾದು, ಪುಣೆ, ಮುಂಬಯಿಗೆ ಗುಳೆ.

ಅಂದಿನ ಕಲ್ಯಾಣವಾದ ಬಸವಕಲ್ಯಾಣದಲ್ಲಿ ತ್ರಿಪುರಾಂತ ಕೆರೆಯ ದಂಡೆಗೆ ಹೋಗಿದ್ದೆ. ಶರಣರ ಗವಿಗಳಿರುವುದು ಅಲ್ಲೇ ಸುತ್ತಮುತ್ತ. ಚಾಲುಕ್ಯ ವಿಕ್ರಮಾದಿತ್ಯ ಆಳಿದ, ಬಿಲ್ಹಣ, ವಿಜ್ಞಾನೇಶ್ವರರು ಬರೆದ, ಬಸವಣ್ಣ ಭಂಡಾರಿಯಾಗಿದ್ದ ಊರು. ನೋಡುತ್ತಿದ್ದರೂ ಮನಸ್ಸು ಹೋದದ್ದು ಸೊನ್ನಲಿಗೆಯ ಸಿದ್ಧರಾಮನ ಕಡೆಗೆ. ಕೆರೆ ಕಟ್ಟಿಸುವುದನ್ನೇ ಶಿವಪೂಜೆ ಎಂದುಕೊಂಡಿದ್ದ ಅವರು ಮುಂದೆ ಈ ಕಲ್ಯಾಣಕ್ಕೆ ಬಂದರು. ಕಲ್ಲು ಒಡೆದು, ಮಣ್ಣು ಹೊತ್ತು ಬದುಕುವ ಭೋವಿ ಸಮಾಜ ಇಂದಿಗೂ ಅವರನ್ನೇ ಕುಲಗುರು ಎನ್ನುತ್ತದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು. ಅಷ್ಟು ದೊಡ್ಡ ಕಟ್ಟಡ ಏಳುವ ಊರಿನಲ್ಲಿ ಕಲ್ಲು ಹೊರುವವರ ಹೆಸರೂ ಎಲ್ಲಾದರೂ ಇರಲಿ ಎಂದು ನನ್ನ ಆಸೆ.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ಗುಡಿಯಲ್ಲಿ ಶಾಸನ ಕೆತ್ತುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನ ಹೊಗಳಿಕೆ. ಆಯಿಗೆ ಫೋಟೋ ಕಳಿಸುತ್ತೇನೆ. ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಮಾಧಿಯ ದರ್ಶನವೂ ಆಯಿತು. 1817ರಲ್ಲಿ ಹುಟ್ಟಿದ ಅವರು ಮರಾಠಿ, ಕನ್ನಡ, ಉರ್ದು ಎನ್ನದೆ ಹಾಡು ಕಟ್ಟಿದವರು. ಎರಡು ಹಳ್ಳ ಕೂಡುವ ಜಾಗದಲ್ಲಿ ಅವರ ಸಂಸ್ಥಾನ.

ಈಗ ಮುಖ್ಯ ಮಾತು. ಈ ಬಯಲಿನ ಕೆಂಪು ಮಣ್ಣನ್ನು ರಸ್ತೆಗೂ ಲೇಔಟಿಗೂ ಮುರುಮ್ ಎಂದು ಜೆಸಿಬಿ ಕೆರೆದು ಒಯ್ಯುತ್ತದೆ. ಕೆರೆದ ಗುಂಡಿಯಲ್ಲಿ ಕರಿ ಬಂಡೆ ಬೋಳಾಗಿ ಕಾಣುವುದನ್ನು ಕಣ್ಣಾರೆ ಕಂಡೆ. ಅಲ್ಲಿ ಬಿದ್ದ ಮಳೆ ನಿಲ್ಲಲಿಕ್ಕೆ ಜಾಗವೇ ಉಳಿದಿಲ್ಲ. ಮಣ್ಣಿನ ಬೆಲೆಯನ್ನು ಟ್ರಿಪ್ಪಿನ ಲೆಕ್ಕದಲ್ಲಿ ಕಟ್ಟುತ್ತಾರೆ, ಅದು ಹಿಡಿದಿಡುತ್ತಿದ್ದ ನೀರಿಗೆ ಬೆಲೆ ಕಟ್ಟುವವರಿಲ್ಲ. ನಮ್ಮ ತೋಟದ ಮೇಲಿನ ಬೇಣದಲ್ಲಿ ಹೊಸ ಪಣೆಗೆ ಅರ್ಜಿ ಬಿದ್ದಿದೆ ಎಂದು ನೀವು ಹಿಂದಿನ ಪತ್ರದಲ್ಲಿ ಬರೆದಿದ್ದಿರಿ. ಕಲ್ಲಿನ ಕೆಲಸ ಬಲ್ಲ ನಿಮ್ಮ ಮಾತನ್ನು ಊರು ಕೇಳುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು, ಎಷ್ಟು ಆಳಕ್ಕೆ ತೆಗೆಯುತ್ತಾರೆ, ನೀರು ತಡೆಯುವ ಅಡಿಯ ಜೇಡಿ ಪದರ ಮುಟ್ಟುತ್ತಾರೋ ಎಂದು ಕೇಳಿ. ಅಬ್ಬಿಯ ನೀರು ಮಾರ್ಚಿನವರೆಗೆ ಬರುವುದು ಆ ಬೇಣದಿಂದ ಎಂಬುದನ್ನೂ ಹೇಳಿ. ಸಭೆ ಮೇ ತಿಂಗಳಲ್ಲಿದ್ದರೆ ತಿಳಿಸಿ, ಅಷ್ಟರೊಳಗೆ ನಾನೂ ಬರುತ್ತೇನೆ.

ನಿಮ್ಮ ಮಗಳು